ಸಂಪಾದಕರ ಉತ್ತರ: ಮದ್ದು ಬೀಸುವ ಕಲ್ಲು ನಮ್ಮದೇ ಇರಲಿ

ದಾವಣಗೆರೆಯ ನಿವೃತ್ತ ಉಪನ್ಯಾಸಕರೊಬ್ಬರು ಬರೆದಿದ್ದಾರೆ: “ಉಕ್ರೇನ್ ಉರಿಯುತ್ತಿದೆ. ಪಶ್ಚಿಮ ಏಷ್ಯಾ ತಣ್ಣಗಾಗಿಲ್ಲ. ಚೀನಾ ಗಡಿಯಲ್ಲೇ ಕೂತಿದೆ. ಹೀಗಿದ್ದೂ ಯಾವ ಮಿಲಿಟರಿ ಕೂಟಕ್ಕೂ ಸೇರಲ್ಲ ಅಂತ ನಮಗೇಕೆ ಹಟ? ಅಮೆರಿಕ, ಯುರೋಪ್ ದೇಶಗಳ ಮಿಲಿಟರಿ ಕೂಟವಾದ ನ್ಯಾಟೋದಂಥ ಒಪ್ಪಂದಕ್ಕೆ ಭಾರತ ಸಹಿ ಹಾಕಬೇಕು. ಒಂಟಿಯಾಗಿದ್ದ ಮದಕರಿ ನಾಯಕನ ಗತಿ ಏನಾಯಿತು ಅಂತ ಚಿತ್ರದುರ್ಗದಲ್ಲಿರುವ ನಿಮಗೆ ನಾನು ಹೇಳಬೇಕೇ?”

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದೇಶದ ಬಗ್ಗೆ ಇಷ್ಟು ಕಾಳಜಿಯಿಂದ ಬರೆಯುವವರು ಕಡಿಮೆ. ಗೆಳೆಯರು ಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. 1971ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದ ಜತೆ ಮಾಡಿಕೊಂಡ ಒಪ್ಪಂದ ಪಾಕಿಸ್ತಾನದ ಜತೆಗಿನ ಡಿಸೆಂಬರ್ ಯುದ್ಧದಲ್ಲಿ ನಮ್ಮ ಕೈ ಹಿಡಿಯಿತು.

ಆದರೆ ಮದಕರಿಯ ವಿಷಯದಲ್ಲಿ ನೀವು ತಪ್ಪಿದಿರಿ. ಆತ ಒಂಟಿಯಾಗಿರಲಿಲ್ಲ. ಹೈದರನ ದಂಡಯಾತ್ರೆಗಳಿಗೆ ದುರ್ಗದ ಪಡೆ ಹೋಗಿತ್ತು. 1770ರಲ್ಲಿ ನಿಜಗಲ್ಲಿನಲ್ಲಿ ಹೈದರನ ವೈರಿಯಾದ ಮರಾಠ ಪೇಶ್ವೆ ಮಾಧವರಾಯನ ಪರ ಕಾದಾಡಿದವರೂ ನಮ್ಮ ದುರ್ಗದವರೇ. ಇಬ್ಬರಿಗೂ ಆತ ಬೇಕಾಗಿದ್ದ. 1779ರಲ್ಲಿ ಏನಾಯಿತು? ಸಹಾಯ ಪಡೆದಿದ್ದ ಹೈದರನೇ ಕೋಟೆ ಹಿಡಿದು ಮದಕರಿಯನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಯಾವ ಗೆಳೆತನವೂ ಆತನನ್ನು ಉಳಿಸಲಿಲ್ಲ.

ಮುಂದಿನ ಸಲ ದುರ್ಗಕ್ಕೆ ಬಂದಾಗ ಓಬವ್ವನ ಕಿಂಡಿ ನೋಡಿ ಹಾಗೇ ವಾಪಸ್ ಹೋಗಬೇಡಿ. ಕೋಟೆಯೊಳಗೆ ಒಂದು ತಗ್ಗಿನಲ್ಲಿ ಮದ್ದು ಬೀಸುವ ದೊಡ್ಡ ಕಲ್ಲುಗಳಿವೆ. ಫಿರಂಗಿಗೆ ಬೇಕಾದ ಮದ್ದನ್ನು ಅಲ್ಲೇ ಬೀಸುತ್ತಿದ್ದರು. ಎಣ್ಣೆಗೆ ಕೊಳ ಇತ್ತು. ಗೋಪಾಲಸ್ವಾಮಿ ಹೊಂಡದ ನೀರು ಅಕ್ಕ-ತಂಗಿಯರ ಹೊಂಡಕ್ಕೆ ಇಳಿಯುತ್ತಿತ್ತು. ಕೊನೆಗೆ ಕೋಟೆ ಬಿತ್ತು, ನಿಜ. ಆದರೆ ಅದಕ್ಕೂ ಮೊದಲು ಎಷ್ಟು ಮುತ್ತಿಗೆ ತಡೆದುಕೊಂಡಿತು, ಅಲ್ವಾ? ನಾನಂತೂ ಏಳು ಸುತ್ತಿನ ಗೋಡೆಗಿಂತ ಆ ಬೀಸುವ ಕಲ್ಲುಗಳ ಮುಂದೆಯೇ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಇನ್ನು ನ್ಯಾಟೋ. ಅದರ ಒಪ್ಪಂದದ ಪ್ರಕಾರ ಹೊಸದಾಗಿ ಸೇರಿಸಿಕೊಳ್ಳುವುದು ಯುರೋಪಿನ ದೇಶಗಳನ್ನು ಮಾತ್ರ. ಒಬ್ಬರ ಮೇಲೆ ಬಿದ್ದರೆ ಎಲ್ಲರ ಮೇಲೂ ಬಿದ್ದಂತೆ ಅನ್ನುವ ಐದನೇ ವಿಧಿಯನ್ನು ಇದುವರೆಗೆ ಬಳಸಿದ್ದು ಒಂದೇ ಸಲ, 2001ರಲ್ಲಿ. ಅದೂ ಎಲ್ಲರಿಗಿಂತ ಬಲಶಾಲಿಯಾದ ಅಮೆರಿಕಕ್ಕಾಗಿ. ಇತ್ತ ಉಕ್ರೇನ್ 1994ರಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಮೂವರ ಭರವಸೆ ನಂಬಿ ತನ್ನ ನೆಲದಲ್ಲಿದ್ದ ಅಣ್ವಸ್ತ್ರ ಬಿಟ್ಟುಕೊಟ್ಟಿತು. ಭರವಸೆ ಕೊಟ್ಟ ರಷ್ಯಾವೇ 2022ರಲ್ಲಿ ಟ್ಯಾಂಕ್ ನುಗ್ಗಿಸಿತು.

ನಮ್ಮ ಅನುಭವವನ್ನೇ ನೋಡಿ. 1965ರ ಯುದ್ಧದ ನಡುವೆ ಅಮೆರಿಕ ನಮಗೂ ಪಾಕಿಸ್ತಾನಕ್ಕೂ ಶಸ್ತ್ರ ನಿಲ್ಲಿಸಿತು. 2018ರಲ್ಲಿ ರಷ್ಯಾದಿಂದ ಶತ್ರು ವಿಮಾನ, ಕ್ಷಿಪಣಿಗಳನ್ನು ಹೊಡೆದುರುಳಿಸುವ ಐದು ಎಸ್-400 ಘಟಕ ಕೊಳ್ಳಲು ಒಪ್ಪಂದವಾಯಿತು. ಮೂರು ಬಂದವು. ಅಷ್ಟರಲ್ಲಿ ರಷ್ಯಾಕ್ಕೆ ತನ್ನದೇ ಯುದ್ಧ ಜಾಸ್ತಿಯಾಗಿ ಉಳಿದವು ತಡವಾದವು. ನಮ್ಮ ತೇಜಸ್ ಯುದ್ಧವಿಮಾನಕ್ಕೆ 2021ರಲ್ಲಿ ಅಮೆರಿಕದ ಕಂಪನಿಗೆ 99 ಎಂಜಿನ್ ಹೇಳಿದೆವು. ಮೊದಲನೆಯದು ಕೈಗೆ ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ! ನಮ್ಮದೇ ಕಾವೇರಿ ಎಂಜಿನ್ ಕೆಲಸ 1989ರಲ್ಲೇ ಶುರುವಾಗಿತ್ತು. ಇವತ್ತಿಗೂ ಅದು ತೇಜಸ್‌ನ ಒಡಲು ಸೇರಿಲ್ಲ. ನನಗೆ ನಿದ್ದೆಗೆಡಿಸುವುದು ಇದು. ಕೂಟಕ್ಕೆ ಸೇರಿಲ್ಲ ಅನ್ನುವ ಚಿಂತೆ ಅಲ್ಲ.

ಚಳ್ಳಕೆರೆ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ನೆಲೆ ಇದೆಯಲ್ಲ, ಅಲ್ಲಿಂದ ಹಾರಿದ ಡ್ರೋನ್ 2019ರಲ್ಲಿ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿತ್ತು. 2023ರಲ್ಲಿ ಹಿರಿಯೂರು ತಾಲ್ಲೂಕಿನಲ್ಲಿ ಇನ್ನೊಂದು ಬಿತ್ತು. ಜನ ಮೊಬೈಲ್ ಹಿಡಿದು ಓಡಿದರು, ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಬೀಳದೆ ಹಾರಲು ಕಲಿತವರು ಯಾರಿದ್ದಾರೆ? ಆ ನೆಲೆಗಾಗಿ ನಮ್ಮ ಕುರಿಗಾಹಿಗಳು ತಲೆಮಾರುಗಳಿಂದ ಮೇಯಿಸುತ್ತಿದ್ದ ಅಮೃತ್ ಮಹಲ್ ಕಾವಲು ಬಿಟ್ಟುಕೊಟ್ಟಿದ್ದಾರೆ. ಅಷ್ಟು ಕೊಟ್ಟ ಜಿಲ್ಲೆಯ ಹುಡುಗರಿಗೆ ಆ ಬೇಲಿಯೊಳಗೆ ಎಷ್ಟು ಕೆಲಸ ಸಿಕ್ಕಿದೆ ಅಂತ ಯಾರಾದರೂ ಕೇಳಬೇಡವೇ?

ನಿಮ್ಮ ಊರನ್ನೇ ತಗೊಳ್ಳಿ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತ್ತು. ಯಂತ್ರ ಬಿಚ್ಚಿ ಜೋಡಿಸಬಲ್ಲ ಕೈಗಳು ಗಲ್ಲಿಗಲ್ಲಿಯಲ್ಲಿದ್ದವು. ಗಿರಣಿ ಮುಚ್ಚಿದವು, ಆ ಕೈಗಳು ಎಲ್ಲಿ ಹೋದವು? ಅಲ್ಲಿ ನನ್ನ ಗೆಳೆಯನೊಬ್ಬ ಲೇತ್ ಇಟ್ಟಿದ್ದ. ಕೂದಲೆಳೆ ವ್ಯತ್ಯಾಸವಿಲ್ಲದೆ ಬಿಡಿಭಾಗ ಕಡೆಯುತ್ತಿದ್ದ. ಸರ್ಕಾರಿ ಕಚೇರಿಯೊಂದರ ಆರ್ಡರ್ ಹಿಡಿದು, ಸಾಲ ಮಾಡಿ ಮಾಲು ಕೊಟ್ಟ. ಬಿಲ್ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಲೇತ್ ಗುಜರಿಗೆ ಹೋಗಿತ್ತು. ಅವನ ಮಗ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಇನ್ನೊಂದು ದೇಶದ ಗಿರಾಕಿಗಳ ಫೋನ್ ಎತ್ತುತ್ತಾನೆ.

ಮೇಷ್ಟ್ರೇ, ನಿಮ್ಮ ಶಿಷ್ಯರಲ್ಲಿ ಇಂಥವರು ಎಷ್ಟು ಜನ ಇದ್ದಾರೆ ಅಂತ ವಿಚಾರಿಸಿ ಬರೆಯಿರಿ. ಆ ಪತ್ರವನ್ನು ಒಂದಕ್ಷರ ಬಿಡದೆ ಹಾಕುತ್ತೇನೆ.