ಹಾರಲಾರದ ಗಿಳಿ

ಪ್ರಶ್ನೆ: ನ್ಯೂಜಿಲೆಂಡಿನ ಕಾಕಪೊ ಗಿಳಿಗೆ ಹಾರಲು ಬರುವುದಿಲ್ಲವಂತೆ. ಹಾಗಿದ್ದರೆ ಅದು ಇಷ್ಟು ಕಾಲ ಬದುಕಿ ಉಳಿದದ್ದು ಹೇಗೆ? ಈಗ ವಿರಳವಾಗಿರುವುದೇಕೆ?

ಉತ್ತರ: ಮಾವೊರಿ ಭಾಷೆಯಲ್ಲಿ ‘ಕಾಕಾ’ ಎಂದರೆ ಗಿಳಿ, ‘ಪೊ’ ಎಂದರೆ ಇರುಳು, ಹೆಸರಿಗೆ ತಕ್ಕಂತೆ ಇದು ನಿಶಾಚರಿ. ಗಿಳಿಗಳಲ್ಲೆಲ್ಲ ಅತ್ಯಂತ ಭಾರದ ಇದರ ಗಂಡು 2 ಕಿಲೋಗಿಂತಲೂ ಹೆಚ್ಚು ತೂಗುವುದುಂಟು. ಮರ ಹತ್ತುವುದರಲ್ಲಿ ನಿಪುಣವಾದ ಈ ಹಕ್ಕಿಗೆ ರೆಕ್ಕೆಗಳು ಒದಗುವುದು ಕೆಳಕ್ಕೆ ಧುಮುಕುವಾಗ ತೋಲ ಕಾಯ್ದುಕೊಳ್ಳಲು ಮಾತ್ರ.

ಮನುಷ್ಯರು ಕಾಲಿಡುವ ಮೊದಲು ಆ ದ್ವೀಪಗಳಲ್ಲಿ ಬಾವಲಿಗಳನ್ನು ಬಿಟ್ಟರೆ ನೆಲದ ಮೇಲೆ ಬದುಕುವ ಸಸ್ತನಿಗಳೇ ಇರಲಿಲ್ಲ. ಶತ್ರುಗಳೆಂದರೆ ಕಣ್ಣಿನಿಂದ ಬೇಟೆ ಹುಡುಕುವ ಹದ್ದು, ಗಿಡುಗಗಳು. ಅಪಾಯದ ಸುಳಿವು ಸಿಕ್ಕೊಡನೆ ಅಲುಗಾಡದೆ ನಿಂತುಬಿಟ್ಟರೆ ಪಾಚಿಹಸಿರು ಗರಿಗಳು ಪೊದೆಯೊಂದಿಗೆ ಬೆರೆತುಹೋಗುತ್ತಿದ್ದವು. ಆದರೆ ಕಾಕಪೊವಿನ ಮೈಯಿಂದ ಸಿಹಿ ಬೆರೆತ ಕಮಟು ವಾಸನೆ ಹೊಮ್ಮುತ್ತದೆ. ಹಡಗುಗಳಲ್ಲಿ ಬಂದ ಇಲಿ, ಬೆಕ್ಕು ಮತ್ತು ಮುಂಗುಸಿಯಂತೆ ಉದ್ದ ಮೈಯ ಸ್ಟೋಟ್ ಮೂಸಿ ಹುಡುಕುವ ಪ್ರಾಣಿಗಳಾದ್ದರಿಂದ, ಸಾವಿರಾರು ವರ್ಷ ಕಾಪಾಡಿದ್ದ ಆ ನಿಶ್ಚಲತೆಯೇ ಇದಕ್ಕೆ ಮುಳುವಾಯಿತು.

ಸಂತಾನವೃದ್ಧಿಯೂ ಬಲು ನಿಧಾನ. ಮರಿಗಳಿಗೆ ಮೇವಾಗುವ ರಿಮು ಮರದ ಕಾಯಿ ಹೇರಳವಾಗಿ ಬಿಡುವ ವರ್ಷಗಳಲ್ಲಿ, ಅಂದರೆ ಎರಡರಿಂದ ನಾಲ್ಕು ವರ್ಷಕ್ಕೊಮ್ಮೆ, ಗಂಡು ನೆಲದಲ್ಲಿ ಬಟ್ಟಲಿನಂತಹ ಗುಂಡಿ ತೋಡಿ, ಅದರಲ್ಲಿ ಕುಳಿತು, ಎದೆಯುಬ್ಬಿಸಿ ರಾತ್ರಿಯೆಲ್ಲ ನಗಾರಿಯಂತೆ ಮೊಳಗುತ್ತದೆ. ಕಿಲೋಮೀಟರುಗಟ್ಟಲೆ ಕೇಳುವ ಆ ದನಿಯನ್ನು ಅರಸಿ ಹೆಣ್ಣು ಬರುತ್ತದೆ. ಅಲ್ಲಿಗೆ ಗಂಡಿನ ಹೊಣೆ ಮುಗಿಯಿತು. ಮರಿಗಳನ್ನು ಸಾಕುವ ತಾಯಿ ಮೇವಿಗಾಗಿ ಗೂಡು ಬಿಟ್ಟುಹೋದಾಗ ಮೊಟ್ಟೆ, ಮರಿಗಳು ಇಲಿಗಳ ಪಾಲಾಗುತ್ತಿದ್ದವು.

ರಕ್ಷಣೆಯ ಪ್ರಯತ್ನ ಹೊಸದೇನಲ್ಲ. 1894ರಿಂದ ರಿಚರ್ಡ್ ಹೆನ್ರಿ ಎಂಬವರು ನೂರಾರು ಕಾಕಪೊಗಳನ್ನು ಹಿಡಿದು ರೆಸಲ್ಯೂಷನ್ ದ್ವೀಪಕ್ಕೆ ಸಾಗಿಸಿದರು. ಸ್ಟೋಟ್‌ಗಳು ಈಜಿಕೊಂಡು ಅಲ್ಲಿಗೂ ಬಂದವು. 1970ರ ದಶಕದ ಹೊತ್ತಿಗೆ ನ್ಯೂಜಿಲೆಂಡಿನ ನೈಋತ್ಯ ಮೂಲೆಯ ಫಿಯೊರ್ಡ್‌ಲೆಂಡಿನಲ್ಲಿ ಕಂಡದ್ದು ಗಂಡುಗಳು ಮಾತ್ರ. 1977ರಲ್ಲಿ ಸ್ಟೂವರ್ಟ್ ದ್ವೀಪದಲ್ಲಿ ಹೆಣ್ಣುಗಳೂ ಇದ್ದ ಗುಂಪು ಸಿಗದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಲ್ಲಿ ಬೆಕ್ಕುಗಳ ಕಾಟವಿದ್ದುದರಿಂದ ಆ ಕಾಕಪೊಗಳನ್ನು ವೆನುವಾ ಹೌ ಮುಂತಾದ ದ್ವೀಪಗಳಿಗೆ ಒಯ್ಯಲಾಯಿತು. 1995ರಲ್ಲಿ 51ಕ್ಕೆ ಇಳಿದಿದ್ದ ಸಂಖ್ಯೆ 2022ರಲ್ಲಿ 250 ದಾಟಿತು.

ಈ ನಡುವೆ ಒಂದು ಎಡವಟ್ಟೂ ಆಯಿತು. ಮರಿಗಳು ಹೆಚ್ಚಲೆಂದು ತಾಯಂದಿರಿಗೆ ಧಾರಾಳವಾಗಿ ಆಹಾರ ಕೊಟ್ಟರೆ, ದಷ್ಟಪುಷ್ಟವಾದ ತಾಯಂದಿರು ಗಂಡುಮರಿಗಳನ್ನೇ ಹೆಚ್ಚಾಗಿ ಹೆತ್ತವು! ಅಂದಿನಿಂದ ಪ್ರತಿಯೊಂದು ಹೆಣ್ಣಿನ ತೂಕ ನೋಡಿಯೇ ಮೇವು ಅಳೆದು ಇಡುತ್ತಾರೆ.