ಟೆಲಿಸ್ಕೋಪ್ ಇಲ್ಲದ ಶಾಲೆಯಲ್ಲಿ 8, 9ನೇ ತರಗತಿ ಮಕ್ಕಳಿಂದ ಖಗೋಳ ವಿಜ್ಞಾನದ ಯಾವ ಪ್ರಾಜೆಕ್ಟ್ ಮಾಡಿಸಬಹುದು?

ನಾನೂ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನು. ಟೆಲಿಸ್ಕೋಪ್ ಇಲ್ಲ, ಕೊಳ್ಳಲು ದುಡ್ಡೂ ಇಲ್ಲ ಅಂತ ಬರೆದಿದ್ದೀರಿ. ಅದರ ಚಿಂತೆ ಬಿಡಿ. ಶಾಲೆ ನಡೆಯುವುದು ಹಗಲಲ್ಲಿ, ಟೆಲಿಸ್ಕೋಪ್ ಬೇಕಾಗುವುದು ರಾತ್ರಿ. ಅರವತ್ತು ಮಕ್ಕಳು ಸಾಲಲ್ಲಿ ನಿಂತು ಒಬ್ಬೊಬ್ಬರು ಅರ್ಧ ನಿಮಿಷ ಶನಿಯ ಬಳೆ ನೋಡಿ ಮನೆಗೆ ಹೋದರೆ ಖುಷಿಯೇನೋ ಆಗುತ್ತದೆ, ಆದರೆ ಯಾರೂ ಏನನ್ನೂ ಅಳೆದಿರುವುದಿಲ್ಲ. ಭೂಮಿ, ಗುರು ಎರಡೂ ಒಂದೇ ಗಾತ್ರದಲ್ಲಿರುವ ಥರ್ಮಾಕೋಲ್ ಸೌರವ್ಯೂಹವನ್ನಂತೂ ದಯವಿಟ್ಟು ಮಾಡಿಸಬೇಡಿ.

ಮೈದಾನದಲ್ಲಿ ಒಂದು ಮೀಟರಿನ ಕೋಲು ನೆಡಿ. ನೆಟ್ಟಗಿದೆಯೇ ಅಂತ ಗಾರೆಯವರ ತೂಕದ ಗುಂಡಿನಿಂದ ನೋಡಿಕೊಳ್ಳಿ. ಹನ್ನೊಂದೂವರೆಯಿಂದ ಒಂದು ಗಂಟೆವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಿಸಿ. ನೆರಳು ಅತಿ ಚಿಕ್ಕದಾಗುವುದು ಹನ್ನೆರಡಕ್ಕಲ್ಲ ಅನ್ನುವುದು ಮಕ್ಕಳಿಗೆ ಮೊದಲ ಅಚ್ಚರಿ. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ನಾವಿರುವುದು ಅದಕ್ಕಿಂತ ಪಶ್ಚಿಮಕ್ಕೆ, ಡಿಗ್ರಿಗೆ 4 ನಿಮಿಷ ತಡ. ಜೊತೆಗೆ ಭೂಮಿಯ ವಾಲಿಕೆ, ಅದರ ದೀರ್ಘವೃತ್ತದ ಹಾದಿ ಎರಡೂ ಸೇರಿ, ನಡು ಕರ್ನಾಟಕದಲ್ಲಿ ನಿಜವಾದ ಮಧ್ಯಾಹ್ನ ನವೆಂಬರ್ ಮೊದಲಲ್ಲಿ 12:07ರ ಸುಮಾರಿಗೂ ಫೆಬ್ರವರಿ ನಡುವೆ 12:37ರ ಸುಮಾರಿಗೂ ಬರುತ್ತದೆ. ನೆರಳಿನ ತುದಿ ಮಸುಕಾಗಿ ಅಳತೆ ತಪ್ಪುವುದುಂಟು. ಕೋಲಿನ ತುದಿಗೆ ಸಣ್ಣ ತೂತಿನ ರಟ್ಟು ಅಂಟಿಸಿದರೆ ನೆಲದ ಮೇಲೆ ದುಂಡನೆ ಬೆಳಕಿನ ಚುಕ್ಕೆ ಬೀಳುತ್ತದೆ. ಅದರ ನಡುವಿಗೆ ಗುರುತು ಹಾಕಿ.

ಇದು ಕೈಹಿಡಿದ ಮೇಲೆ ಬೇರೆ ಊರಿನ ಶಾಲೆಯೊಂದನ್ನು ಜೊತೆ ಮಾಡಿಕೊಳ್ಳಿ. ಮೈಸೂರು, ಕಲಬುರಗಿ ಹೆಚ್ಚು ಕಡಿಮೆ ಒಂದೇ ರೇಖಾಂಶದಲ್ಲಿವೆ, 76.7 ಮತ್ತು 76.8. ಸೆಪ್ಟೆಂಬರ್ 23ರ ಸುಮಾರಿಗೆ ಮಧ್ಯಾಹ್ನದ ನೆರಳು ಮೈಸೂರಲ್ಲಿ 22 ಸೆಂ.ಮೀ., ಕಲಬುರಗಿಯಲ್ಲಿ 31 ಸೆಂ.ಮೀ. ಇರಬೇಕು. ಸೂರ್ಯನ ಕಿರಣ ಕೋಲಿನೊಂದಿಗೆ ಮಾಡುವ ಕೋನ ತೆಗೆದರೆ ಎರಡೂ ಊರಿಗೆ 5 ಡಿಗ್ರಿ ವ್ಯತ್ಯಾಸ. ಎರಡೂ ಊರಿನ ನಡುವೆ ನೇರ ದೂರ ಸುಮಾರು 558 ಕಿ.ಮೀ. 360ನ್ನು 5ರಿಂದ ಭಾಗಿಸಿ 558ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ 40,000 ಕಿ.ಮೀ.ಗೆ ಹತ್ತಿರ ಬರುತ್ತದೆ. ಗ್ರೀಕ್ ವಿದ್ವಾಂಸ ಎರಟೋಸ್ಥೆನಿಸ್ ಈಜಿಪ್ಟಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಮಾಡಿದ್ದು ಇದನ್ನೇ. ಮಕ್ಕಳು ಬಸ್ಸಿನ ಕಿಲೋಮೀಟರ್ ಹಾಕಿಬಿಡುತ್ತಾರೆ, ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆಸಿ. ಅರ್ಧ ಡಿಗ್ರಿ ತಪ್ಪಿದರೆ ಉತ್ತರ ಶೇ. 10ರಷ್ಟು ಆಚೀಚೆ ಆಗುತ್ತದೆ. ದೋಷದ ಲೆಕ್ಕ ಕಲಿಸಲು ಇದಕ್ಕಿಂತ ಒಳ್ಳೆಯ ನೆಪ ಸಿಗದು. ಸೆಪ್ಟೆಂಬರಲ್ಲಿ ಮೋಡವಿದ್ದರೆ ಡಿಸೆಂಬರಿನ ಯಾವ ದಿನವಾದರೂ ಸರಿ, ಎರಡೂ ಕಡೆ ಒಂದೇ ದಿನ ಅಳೆದರಾಯಿತು. (ಶೂನ್ಯ ನೆರಳಿನ ದಿನದ ಬಗ್ಗೆ ಎಲ್ಲರೂ ಹೇಳುತ್ತಾರೆ. ಬೆಂಗಳೂರಿಗೆ ಅದು ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು. ಮೊದಲನೆಯದು ರಜೆಯಲ್ಲಿ, ಎರಡನೆಯದು ಮಳೆಗಾಲದಲ್ಲಿ!)

ಚಂದ್ರನೂ ಹಗಲಲ್ಲೇ ಸಿಗುತ್ತಾನೆ. ಬಹುಳ ಅಷ್ಟಮಿಯ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಪಶ್ಚಿಮದಲ್ಲಿ ಅರ್ಧಚಂದ್ರ ಇರುತ್ತಾನೆ. ಮಣ್ಣಿನ ಉಂಡೆಯೊಂದನ್ನು ಬಿಸಿಲಲ್ಲಿ, ಚಂದ್ರನ ಪಕ್ಕಕ್ಕೇ ಕಾಣುವಂತೆ ಎತ್ತಿ ಹಿಡಿಯಲು ಹೇಳಿ. ಉಂಡೆಯ ಮೇಲೂ ಅದೇ ಅರ್ಧ ಬೆಳಗಿರುತ್ತದೆ. ಚಂದ್ರ ಬೆಳೆಯುವುದು, ಕರಗುವುದು ಭೂಮಿಯ ನೆರಳಿನಿಂದ ಅನ್ನುವ ತಪ್ಪು ತಿಳಿವಳಿಕೆ ಅಲ್ಲೇ ಕಳಚುತ್ತದೆ. ಸೂರ್ಯನನ್ನು ಮಾತ್ರ ಯಾರೂ ನೇರವಾಗಿ, ಬೈನಾಕ್ಯುಲರಿನಲ್ಲಂತೂ ಖಂಡಿತ, ನೋಡದಂತೆ ನಿಗಾ ಇರಲಿ.

ರಾತ್ರಿಯ ಪಾಲಿಗೆ ಮನೆಗೆಲಸವಾಗಿ ಒಂದೇ ಪ್ರಶ್ನೆ ಕೊಡಿ: ಆರಿದ್ರಾ ಮಳೆ ಸುರಿಯುವ ದಿನಗಳಲ್ಲಿ, ಮೋಡವಿಲ್ಲದ ರಾತ್ರಿಯಲ್ಲೂ, ಆರಿದ್ರಾ ನಕ್ಷತ್ರ ಯಾಕೆ ಕಾಣುವುದಿಲ್ಲ? ರೈತರ ಮನೆಯ ಮಕ್ಕಳು ಅಜ್ಜನ ಹತ್ತಿರ ಪಂಚಾಂಗ ಕೇಳುತ್ತಾರೆ. ಮಳೆಯ ಹೆಸರು ಸೂರ್ಯ ಆಗ ಯಾವ ನಕ್ಷತ್ರದಲ್ಲಿದ್ದಾನೆ ಅನ್ನುವುದರಿಂದ ಬಂದದ್ದು ಅಂತ ತಾವೇ ಕಂಡುಕೊಳ್ಳಲಿ. ನಕ್ಷತ್ರವನ್ನು ಡಿಸೆಂಬರಿನಲ್ಲಿ ತೋರಿಸಿ, ರಾತ್ರಿ ಒಂಬತ್ತಕ್ಕೆ ಪೂರ್ವದಲ್ಲಿ ಕೆಂಪಗೆ ಹೊಳೆಯುತ್ತಿರುತ್ತದೆ.