ಗಾಡಿ ಮಾತು: 14 ಇಂಚಿನ ಜಾಗಕ್ಕೆ 17 ಇಂಚು ಕೂರುತ್ತಾ?

ಪ್ರಶ್ನೆ: ಸರ್, ನನ್ನದು 2019ರ ಸ್ವಿಫ್ಟ್ ವಿಎಕ್ಸ್‌ಐ. ಕಂಪನಿ ಕೊಟ್ಟಿದ್ದು 14 ಇಂಚಿನ ಸ್ಟೀಲ್ ರಿಮ್, 165/80 ಟೈರು. ನೋಡೋಕೆ ಚಕ್ರ ತೀರಾ ಬಡಕಲು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಅಂಗಡಿಯವರು 17 ಇಂಚಿನ ಅಲಾಯ್, 205/50 ಟೈರು ತೋರಿಸಿ "ಆರಾಮಾಗಿ ಕೂರುತ್ತೆ, ಏನೂ ಆಗಲ್ಲ" ಅಂದರು. ಶಿರಾಡಿ ಘಾಟಿಯಲ್ಲಿ ಮಂಗಳೂರಿಗೆ ಆಗಾಗ ಹೋಗಿ ಬರುತ್ತೇನೆ. ಹಾಕಿಸಲೇ?
— ಓದುಗರು, ಸಕಲೇಶಪುರ

ಉತ್ತರ: ಅಂಗಡಿಯವರು ಸುಳ್ಳು ಹೇಳಿಲ್ಲ, ಕೂರುತ್ತೆ. ಆದರೆ ನಾಲ್ಕು ನಟ್ಟಿಗೆ ಕೂರೋದೇ ಬೇರೆ, ಗಾಡಿಗೆ ಹೊಂದೋದೇ ಬೇರೆ.

ಮೊದಲು ಟೈರಿನ ಮೇಲಿನ ನಂಬರು ಓದೋಣ. 165/80 ಆರ್14 ಅಂದರೆ ಟೈರಿನ ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 80, ಅಂದರೆ 132 ಮಿ.ಮೀ. ರಿಮ್ಮು 14 ಇಂಚು. ಎಲ್ಲ ಕೂಡಿಸಿದರೆ ಚಕ್ರದ ಪೂರ್ತಿ ಎತ್ತರ ಸುಮಾರು 620 ಮಿ.ಮೀ. ಈ 620 ನೆನಪಿಟ್ಟುಕೊಳ್ಳಿ. ಸ್ಪೀಡೋಮೀಟರು, ಗೇರು, ಎಬಿಎಸ್ ಎಲ್ಲ ಲೆಕ್ಕ ಹಾಕಿಕೊಂಡಿರುವುದು ಈ ಅಳತೆಗೇ.

ಅವರು ತೋರಿಸಿದ 205/50 ಆರ್17ರ ಎತ್ತರ ಹತ್ತಿರ ಹತ್ತಿರ 637. ಶೇ. 2.8 ಜಾಸ್ತಿ. ಓಡೋಮೀಟರಿನಲ್ಲಿ 100 ಕಿ.ಮೀ. ಅಂತ ಬರುವಷ್ಟರಲ್ಲಿ ಗಾಡಿ ನಿಜವಾಗಿ ಓಡಿರುವುದು 103ರ ಹತ್ತಿರ. ಇದನ್ನು ಸಹಿಸಬಹುದು ಅನ್ನಿ. ಅಗಲದ ಕಥೆ ಬೇರೆ. ಅಗಲ 40 ಮಿ.ಮೀ. ಹೆಚ್ಚಾಯಿತು. ಆಫ್‌ಸೆಟ್, ಅಂದರೆ ರಿಮ್ಮಿನ ನಡುಗೆರೆಯಿಂದ ನಟ್ ಬಿಗಿಯುವ ಮುಖಕ್ಕಿರುವ ದೂರ, ಹಳೆಯದೇ ಆದರೆ ಒಳಗೆ 20, ಹೊರಗೆ 20. ಒಳಗೆ ಹೋದದ್ದು ಸಸ್ಪೆನ್ಷನ್ನಿನ ಹತ್ತಿರ ಬಂತು. ಅದನ್ನು ತಪ್ಪಿಸಲು ಆಫ್‌ಸೆಟ್ ಕಡಿಮೆ ಇರುವ ರಿಮ್ ಹಾಕಿದರೆ ಚಕ್ರ ಇನ್ನೂ ಹೊರಗೆ ಬಂತು, ಗುಂಡಿಗೆ ಇಳಿದಾಗ ಫೆಂಡರಿನ ಅಂಚಿಗೆ ತಾಗಿತು.

ಅಂಗಡಿಯಲ್ಲಿ ಗಾಡಿ ಖಾಲಿ ಇರುತ್ತೆ, ಸ್ಟಿಯರಿಂಗ್ ನೇರ ಇರುತ್ತೆ. ಆಗ ಯಾವ ಚಕ್ರವೂ ತಾಗಲ್ಲ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಡಿಕ್ಕಿಗೆ ಒಂದು ಮೂಟೆ ಹಾಕಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಸ್ಪೀಡ್ ಬ್ರೇಕರ್ ಮೇಲೆ ಹತ್ತಿಸಿ. ಆಮೇಲೆ ಟಾರ್ಚು ಹಿಡಿದು ಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕ್ ಲೈನರ್ ನೋಡಿ. ಉಜ್ಜಿ ಫಳಫಳ ಹೊಳೆಯುವ ಪಟ್ಟೆ ಬಿದ್ದಿದ್ದರೆ ತಾಗುತ್ತಿದೆ ಅಂತಲೇ ಅರ್ಥ. "ಓಡ್ತಾ ಓಡ್ತಾ ಸರಿಹೋಗುತ್ತೆ" ಅಂದರೆ ನಂಬಬೇಡಿ. ಸರಿಹೋಗುವುದು ಅಂದರೆ ಲೈನರ್ ಹರಿದುಹೋಗುವುದು, ಅಷ್ಟೇ.

ಇನ್ನು ನಿಮ್ಮ ಘಾಟಿಯ ವಿಷಯ. 132 ಮಿ.ಮೀ. ಇದ್ದ ಪಕ್ಕದ ಗೋಡೆ 17 ಇಂಚಿಗೆ ಹೋದರೆ 102ಕ್ಕೆ ಇಳಿಯುತ್ತೆ. ಗುಂಡಿಯ ಏಟು ತಿನ್ನುವುದು ಆ ರಬ್ಬರಿನ ಎತ್ತರವೇ. ಅದು ಕಡಿಮೆಯಾದಷ್ಟೂ ಏಟು ರಿಮ್ಮಿಗೆ. ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನ ಅಲೈನ್‌ಮೆಂಟ್ ಅಂಗಡಿ ಇದ್ದಾಗ ಮಳೆಗಾಲ ಬಂತೆಂದರೆ ಘಾಟಿ ಹತ್ತಿ ಬಂದ ಗಾಡಿಗಳದೇ ಸಾಲು. ನೀರು ತುಂಬಿದ ಗುಂಡಿ ಎಷ್ಟು ಆಳ ಅಂತ ಯಾರಿಗೆ ಕಾಣಬೇಕು? ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ. ಒಳಗಿನ ದಾರ ತುಂಡಾಗಿ ಗಾಳಿ ರಬ್ಬರನ್ನು ಉಬ್ಬಿಸಿದ್ದು ಅದು. ಅದಕ್ಕೆ ಪ್ಯಾಚ್ ಇಲ್ಲ, ರಿಪೇರಿ ಇಲ್ಲ, ಟೈರು ಹೊಸದೇ ಆಗಬೇಕು. ಹಾಗೆ ಬಂದವರಲ್ಲಿ ದೊಡ್ಡ ರಿಮ್ಮು, ತೆಳು ಟೈರಿನವರೇ ಜಾಸ್ತಿ. ಸ್ಟೀಲ್ ರಿಮ್ ಸೊಟ್ಟಗಾದರೆ ಬಡಿದು ನೆಟ್ಟಗೆ ಮಾಡಬಹುದು. ಅಲಾಯ್ ಬಿರುಕು ಬಿಟ್ಟರೆ ಮುಗೀತು. ವೆಲ್ಡಿಂಗ್ ಮಾಡಿ ಕೊಡುವವರು ಇದ್ದಾರೆ, ನಾನಂತೂ ಆ ಚಕ್ರದ ಮೇಲೆ ಘಾಟಿ ಇಳಿಯಲ್ಲ.

ಹಾಗಾದರೆ ಆಸೆ ಬಿಡಬೇಕಾ? ಬೇಡ. ನಿಮ್ಮದೇ ಮಾಡೆಲ್ಲಿನ ಝಡ್‌ಎಕ್ಸ್‌ಐಗೆ ಕಂಪನಿಯೇ 185/65 ಆರ್15 ಕೊಟ್ಟಿದೆ. ಎತ್ತರ 621.5, ನಿಮ್ಮದಕ್ಕಿಂತ 2 ಮಿ.ಮೀ. ಜಾಸ್ತಿ. ಪಕ್ಕದ ಗೋಡೆಯೂ 120 ಉಳಿಯುತ್ತೆ. ರಸ್ತೆ ಹಿಡಿತ ಚೆನ್ನಾಗಿರುತ್ತೆ, ನೋಟವೂ ತುಂಬಿಕೊಳ್ಳುತ್ತೆ. ಹೊಸ ಗಾಡಿ ತಗೊಂಡ ವಾರದಲ್ಲೇ ಕಂಪನಿ ಅಲಾಯ್ ಬಿಚ್ಚಿ ಮಾರುವವರು ಇದ್ದಾರೆ. ಅಂಥ ಸೆಟ್ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಅಲ್ಲ, ಕಣ್ಣು ಬಿಟ್ಟೇ ತಗೊಳ್ಳಿ, ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ತಿರುಗಿಸಿ ಸೊಟ್ಟ ಇದೆಯಾ ನೋಡಿ. 16 ಇಂಚೇ ಬೇಕು ಅಂತ ಹಟವಿದ್ದರೆ 195/55 ಆರ್16. ಎತ್ತರ 621, ಲೆಕ್ಕ ಸರಿಹೋಗುತ್ತೆ. ಆದರೆ ಗೋಡೆ 107. ಬೆಂಗಳೂರಿನಲ್ಲೇ ಓಡಾಡುವವರಿಗೆ ಒಪ್ಪುತ್ತಿದ್ದೆ, ನಿಮಗೆ ಹೇಳಲ್ಲ.

ಟೈರಿನ ಮೇಲೆ ಭಾರದ ನಂಬರೂ ಇರುತ್ತೆ. 85 ಅಂದರೆ ಒಂದು ಟೈರು 515 ಕೆ.ಜಿ. ಹೊರುತ್ತೆ, 88 ಅಂದರೆ 560. ಹೊಸದು ಹಳೆಯದಕ್ಕಿಂತ ಕಡಿಮೆ ಇರಬಾರದು. ಇನ್ಶೂರೆನ್ಸ್ ಕಂಪನಿಗೆ ಅಲಾಯ್ ಹಾಕಿಸಿದ್ದನ್ನು ಬರವಣಿಗೆಯಲ್ಲೇ ತಿಳಿಸಿ. ಕಂಪನಿ ಅದೇ ಮಾಡೆಲ್ಲಿಗೆ ಕೊಟ್ಟ ಅಳತೆಯೊಳಗೇ ಇದ್ದರೆ ಗಾಡಿಯ ಮೂಲ ರೂಪ ಬದಲಾಯಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ವಾರಂಟಿ ಅಂತೆಲ್ಲ ತಕರಾರು ಬರುವುದೂ ಕಡಿಮೆ. ಸ್ಟೆಪ್ನಿ 14 ಇಂಚೇ ಇರಲಿ, ಪಂಕ್ಚರ್ ಅಂಗಡಿ ಸಿಗುವವರೆಗೆ ನಿಧಾನಕ್ಕೆ ಓಡಿಸಿಕೊಂಡು ಹೋಗಬಹುದು. ಆದರೆ ಹೊಸ ಅಲಾಯ್‌ಗೆ ಬೇರೆ ನಟ್ ಕೊಟ್ಟಿದ್ದರೆ ಹಳೆಯ ನಟ್ಟುಗಳನ್ನು ಡಿಕ್ಕಿಯಲ್ಲೇ ಇಟ್ಟುಕೊಳ್ಳಿ. ರಾತ್ರಿ ಘಾಟಿಯ ಬುಡದ ಗುಂಡ್ಯದ ಹತ್ತಿರ ಪಂಕ್ಚರ್ ಆಗಿ, ಸ್ಟೆಪ್ನಿಗೆ ನಟ್ ಕೂರದೆ ನಿಂತುಬಿಟ್ಟರೆ ಕಷ್ಟ.

ಪ್ರಶ್ನೆ: ಬಲೆನೊಗೆ ಹೊರಗಿನ ಅಲಾಯ್ ಹಾಕಿಸಿದೆ. 80 ದಾಟಿದರೆ ಸ್ಟಿಯರಿಂಗ್ ಗಡಗಡ ಅನ್ನುತ್ತೆ. ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ಅಷ್ಟೇ.
— ಓದುಗರು, ದಾವಣಗೆರೆ

ಉತ್ತರ: ಚಕ್ರ ಬಿಚ್ಚಿ ನಡುವಿನ ತೂತು ನೋಡಿ. ನಿಮ್ಮ ಗಾಡಿಯ ಹಬ್, ಅಂದರೆ ಆ ತೂತಿನೊಳಗೆ ಕೂರುವ ನಡುವಿನ ದುಂಡನೆಯ ಭಾಗ, 54.1 ಮಿ.ಮೀ. ಹೊರಗಿನ ರಿಮ್ಮುಗಳನ್ನು ಹತ್ತಾರು ಗಾಡಿಗೆ ಆಗಲಿ ಅಂತ ದೊಡ್ಡ ತೂತು ಬಿಟ್ಟು ಮಾಡುತ್ತಾರೆ, 73.1 ಇರುವುದೇ ಹೆಚ್ಚು. ಸುತ್ತ 9.5 ಮಿ.ಮೀ. ಸಂದು. ನಟ್ ಬಿಗಿಯುವಾಗ ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ನಡುಕ ಬರುತ್ತೆ. ಮೆಷಿನ್ ಮೇಲೆ ಅದು ಗೊತ್ತೇ ಆಗಲ್ಲ, ಯಾಕೆಂದರೆ ಅಲ್ಲಿ ಚಕ್ರವನ್ನು ಕೋನ್ ಹಾಕಿ ನಡುವಿಗೇ ಕೂರಿಸುತ್ತಾರೆ. 73.1ರಿಂದ 54.1ಕ್ಕೆ ಹಬ್ ರಿಂಗ್ ಸಿಗುತ್ತೆ, ಸಣ್ಣ ಬಳೆ ಅಷ್ಟೇ. ನಿಮ್ಮ ರಿಮ್ಮಿನ ತೂತು ಅಳೆದು ತಗೊಳ್ಳಿ. ಹಾಕಿಸಿದ ಮೇಲೆ ಏರ್ ಗನ್ನಿನಿಂದ ಬಿಗಿಸಬೇಡಿ. ಗಾಡಿ ಜಾಕ್ ಮೇಲಿರುವಾಗಲೇ ಎದುರು-ಬದುರು ನಟ್ ಕೈಯಲ್ಲಿ ಕೂರಿಸಿ, ಕೆಳಗಿಳಿಸಿ ಟಾರ್ಕ್ ರೆಂಚಿನಲ್ಲಿ (ಎಷ್ಟು ಬಲಕ್ಕೆ ಬಿಗಿಯಬೇಕೋ ಅಷ್ಟಕ್ಕೇ ಅಳೆದು ಬಿಗಿಯುವ ಸ್ಪ್ಯಾನರ್) ಬಿಗಿಸಲಿ. 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿಸಿ. ಆಗಲೂ ನಡುಗಿದರೆ ರಿಮ್ಮೇ ಸೊಟ್ಟ.

ಪ್ರಶ್ನೆ: ಎರಡೇ ಹೊಸ ಟೈರಿಗೆ ದುಡ್ಡಿದೆ. ಮುಂದಕ್ಕೋ ಹಿಂದಕ್ಕೋ?
— ಓದುಗರು, ಪುತ್ತೂರು

ಉತ್ತರ: ಹಿಂದಕ್ಕೆ. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಸ್ಟಿಯರಿಂಗಿನಲ್ಲಿ ಗೊತ್ತಾಗುತ್ತೆ, ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತೀರಿ. ಹಿಂದಿನದು ಜಾರಿದರೆ ಗೊತ್ತಾಗುವಷ್ಟರಲ್ಲಿ ಗಾಡಿ ತಿರುಗಿ ನಿಂತಿರುತ್ತೆ. ಟೈರು ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕಂಕಿಯ ತಾರೀಕು ನೋಡಿ. 2319 ಅಂತಿದ್ದರೆ 2019ರ 23ನೇ ವಾರದ ಮಾಲು. ಅಷ್ಟು ಹಳೆಯದನ್ನು ಡಿಸ್ಕೌಂಟಿಗೆ ಕೊಟ್ಟರೂ ಬೇಡ.